14ರ ಹುಡುಗ ಎಷ್ಟು ಸೈಕಲ್ ತುಳಿಯಬಹುದು?

ಪ್ರಶ್ನೆ: ಮಗನಿಗೆ 14 ವರ್ಷ. ವಿಜಯಪುರದ ಕಡೆಯ ಸೈಕಲ್ ಪಟುಗಳನ್ನು ನೋಡಿ ರೇಸಿನ ಹುಚ್ಚು ಹತ್ತಿದೆ. ಹೊಸದಾಗಿ ಕಲಿತವನು ದಿನವೂ 40 ಕಿ.ಮೀ. ಹೊಡೆಯುತ್ತಿದ್ದಾನೆ. ಅತಿಯಾಯಿತೇ?

ಉತ್ತರ: ಹೊಸಬನಿಗೆ ಖಂಡಿತ ಅತಿ. ಮೊದಲೆರಡು ತಿಂಗಳು ವಾರಕ್ಕೆ ಮೂರು ದಿನ, ಪ್ರತಿಸಲ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಸಾಕು. ಪಕ್ಕದವರೊಡನೆ ಮಾತಾಡಿಕೊಂಡು ಹೋಗುವಷ್ಟೇ ವೇಗವಿರಲಿ. ಆಮೇಲೆ ಸ್ವಲ್ಪಸ್ವಲ್ಪವೇ ಹೆಚ್ಚಿಸಲಿ. ವಾರದ ಅಭ್ಯಾಸದ ಗಂಟೆಗಳು ವಯಸ್ಸಿನ ವರ್ಷಗಳನ್ನು ಮೀರಬಾರದು ಎಂದು ಮಕ್ಕಳ ಕ್ರೀಡಾವೈದ್ಯರು ಹೇಳುತ್ತಾರೆ. ಅದು ಗಡಿ, ಗುರಿಯಲ್ಲ.

ನನಗೆ ಹೆಚ್ಚು ಚಿಂತೆ ಮಂಡಿಯದು. ಮಂಡಿಚಿಪ್ಪಿನ ಕೆಳಗೆ ಸ್ನಾಯುರಜ್ಜು ಮೂಳೆಗೆ ಅಂಟುವ ಜಾಗ ಈ ವಯಸ್ಸಿನಲ್ಲಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಭಾರದ ಗೇರಿನಲ್ಲಿ ಒತ್ತಿ ಒತ್ತಿ ತುಳಿದರೆ ಅಲ್ಲೇ ನೋವು ಶುರುವಾಗುತ್ತದೆ. ಹಗುರ ಗೇರು ಹಾಕಿ ನಿಮಿಷಕ್ಕೆ 80–90 ಸುತ್ತು ತುಳಿಯಲಿ. ಪೆಡಲು ತೀರಾ ಕೆಳಗಿಳಿದಾಗ ಮಂಡಿ ತುಸುವೇ ಮಡಿಚಿರುವಂತೆ ಸೀಟು ಏರಿಸಿ. ಹುಡುಗರು ಬೇಗ ಎತ್ತರವಾಗುತ್ತಾರೆ, ತಿಂಗಳಿಗೊಮ್ಮೆ ನೋಡುತ್ತಿರಿ. ಹೆಲ್ಮೆಟ್ ಇಲ್ಲದೆ ಹೊರಡುವುದು ಬೇಡವೇ ಬೇಡ. ರಾತ್ರಿ 8ರಿಂದ 10 ಗಂಟೆ ನಿದ್ದೆ ಬೇಕು. ನೋವು ಮರುದಿನಕ್ಕೂ ಉಳಿದರೆ ಸೈಕಲ್ ನಿಲ್ಲಿಸಿ ವೈದ್ಯರಿಗೆ ತೋರಿಸಿ.