ಸೈನಿಕ ಪದಕಗಳು ಮತ್ತು ಅವುಗಳ ಸಂಗ್ರಹ

ಶೌರ್ಯವನ್ನು ಕಂಡು ಮೆಚ್ಚುವುದು, ಮೆಚ್ಚಿದುದನ್ನು ಹತ್ತು ಜನರು ಕಾಣುವಂತೆ ಗುರುತಿಟ್ಟು ಗೌರವಿಸುವುದು ಎಲ್ಲ ನಾಡುಗಳಲ್ಲಿಯೂ ನಡೆದುಬಂದಿರುವ ಪದ್ಧತಿ. ಕನ್ನಡನಾಡಿನಲ್ಲಿ ಕಾದಿ ಮಡಿದವನಿಗೆ ವೀರಗಲ್ಲನ್ನು ನಿಲ್ಲಿಸುತ್ತಿದ್ದರು. ಕಾದಿ ಗೆದ್ದವನ ಕಾಲಿಗೆ ಗಂಡಪೆಂಡೆಯವನ್ನು ತೊಡಿಸುತ್ತಿದ್ದರು. ಪ್ರಾಚೀನ ರೋಮನ್ನರು ತಮ್ಮ ಯೋಧರ ಎದೆಯ ಮೇಲೆ ಫಲೆರೆ ಎಂಬ ಲೋಹದ ಬಿಲ್ಲೆಗಳನ್ನು ಕಟ್ಟುತ್ತಿದ್ದರು. ಇಂದು ಜಗತ್ತಿನ ಸೈನ್ಯಗಳಲ್ಲಿ ಬಳಕೆಯಲ್ಲಿರುವ ಪದಕಗಳು ಈ ಭಾವನೆಯಿಂದಲೇ ಹುಟ್ಟಿದವು. ಇವನ್ನು ಕೂಡಿಸಿ, ವಿಂಗಡಿಸಿ, ಅಭ್ಯಾಸಮಾಡುವ ವಿದ್ಯೆಗೆ ಪಾಶ್ಚಾತ್ಯರು ಆ ರೋಮನ್ ಪದದಿಂದಲೇ ಫೆಲರಿಸ್ಟಿಕ್ಸ್ ಎಂಬ ಹೆಸರನ್ನು ರೂಢಿಸಿದ್ದಾರೆ. ನಾಣ್ಯಶಾಸ್ತ್ರಕ್ಕೆ ತಂಗಿಯಂತಿರುವ ಈ ವಿದ್ಯೆಯ ಸ್ವರೂಪವೇನು, ಪದಕವೊಂದನ್ನು ಓದುವ ಬಗೆ ಹೇಗೆ, ಸಂಗ್ರಹಕಾರನ ಹೊಣೆ ಯಾವುದು ಎಂಬುದು ಪ್ರಸ್ತುತ ಲೇಖನದ ವಿಷಯ.

ಸೈನಿಕ ಗೌರವಚಿಹ್ನೆಗಳಲ್ಲಿ ಸ್ಥೂಲವಾಗಿ ಮೂರು ಬಗೆಗಳುಂಟು. ಮೊದಲನೆಯದು ‘ಆರ್ಡರ್’. ಇದು ಮೂಲತಃ ಒಂದು ಬಿಲ್ಲೆಯ ಹೆಸರಲ್ಲ, ಒಂದು ಬಳಗದ ಹೆಸರು. ಮಧ್ಯಯುಗದ ಯೂರೋಪಿನಲ್ಲಿ ರಾಜನೊಬ್ಬನು ತನ್ನ ನಂಬಿಕೆಯ ಸರದಾರರನ್ನು ಒಂದು ಸಂಘವಾಗಿ ಕೂಡಿಸಿ, ಸಂಘದ ಗುರುತಾಗಿ ಒಂದು ಲಾಂಛನವನ್ನು ಧರಿಸಲು ಕೊಡುತ್ತಿದ್ದನು. 1348ರ ಸುಮಾರಿಗೆ ಇಂಗ್ಲೆಂಡಿನ ಮೂರನೆಯ ಎಡ್ವರ್ಡನು ಸ್ಥಾಪಿಸಿದ ಗಾರ್ಟರ್ ಆರ್ಡರ್ ಇದಕ್ಕೆ ನಿದರ್ಶನ. ಅದರ ಲಾಂಛನಗಳನ್ನು ಸದಸ್ಯನು ಮಡಿದ ಮೇಲೆ ಅರಸನಿಗೆ ಹಿಂದಿರುಗಿಸಬೇಕು. ಕುಲೀನರ ಸೊತ್ತಾಗಿದ್ದ ಈ ಗೌರವವನ್ನು ಸಾಮಾನ್ಯರಿಗೂ ತೆರೆದವನು ನೆಪೋಲಿಯನ್. 1802ರಲ್ಲಿ ಅವನು ಸ್ಥಾಪಿಸಿದ ‘ಲೀಜನ್ ಆಫ್ ಆನರ್’ ಹುಟ್ಟನ್ನು ಕೇಳದೆ ಯೋಗ್ಯತೆಯನ್ನು ಮಾತ್ರ ಕೇಳಿತು. ಎರಡನೆಯದು ಶೌರ್ಯಪದಕ, ಒಬ್ಬ ವ್ಯಕ್ತಿಯು ಒಂದು ಸಂದರ್ಭದಲ್ಲಿ ತೋರಿದ ಅಸಾಧಾರಣ ಸಾಹಸಕ್ಕೆ ಸಲ್ಲುವುದು. ಮೂರನೆಯದು ಸಮರಪದಕ, ಒಂದು ಯುದ್ಧದಲ್ಲಿ ಸೇವೆ ಸಲ್ಲಿಸಿದ ಎಲ್ಲರಿಗೂ ಸಲ್ಲುವುದು. ಮೊದಲೆರಡು ಅಪರೂಪವಾದುವು; ಸಂಗ್ರಹಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ಮೂರನೆಯದೇ.

ಸಮರಪದಕಗಳ ಚರಿತ್ರೆಯಲ್ಲಿ ಕರ್ನಾಟಕಕ್ಕೂ ಒಂದು ಸ್ಥಾನವಿದೆ. ಈಸ್ಟ್ ಇಂಡಿಯಾ ಕಂಪನಿಯು ಟಿಪ್ಪು ಸುಲ್ತಾನನೊಡನೆ 1791–92ರಲ್ಲಿ ಹೋರಾಡಿದ ತನ್ನ ದೇಶೀಯ ಸಿಪಾಯಿಗಳಿಗಾಗಿ ಪದಕವನ್ನು ಮಾಡಿಸಿತು. ಅದರ ಮೇಲೆ ಬಾವುಟ ಹಿಡಿದು ನಿಂತ ಸಿಪಾಯಿಯೂ ಅವನ ಹಿಂದೆ ಶ್ರೀರಂಗಪಟ್ಟಣದ ಕೋಟೆಯೂ ಇವೆ. 1799ರ ಮೇ 4ರಂದು ಆ ಕೋಟೆ ಬಿದ್ದ ಮೇಲೆ ಹೊರಬಂದ ಶ್ರೀರಂಗಪಟ್ಟಣದ ಪದಕವು ಇನ್ನೂ ಪ್ರಸಿದ್ಧವಾದುದು. ಕ್ಯೂಖ್ಲರ್ ಎಂಬ ಜರ್ಮನ್ ಶಿಲ್ಪಿ ಅದರ ಅಚ್ಚನ್ನು ಕೊರೆದನು. ಬರ್ಮಿಂಗ್‌ಹ್ಯಾಮಿನ ಬಳಿಯಿದ್ದ ಮ್ಯಾಥ್ಯೂ ಬೋಲ್ಟನ್ನನ ಸೋಹೋ ಟಂಕಸಾಲೆಯಲ್ಲಿ ಅದು ಮುದ್ರಿತವಾಯಿತು. ಮುಮ್ಮೈಯಲ್ಲಿ ಬ್ರಿಟಿಷ್ ಸಿಂಹವು ಹುಲಿಯನ್ನು ಕೆಡವಿ ಮೇಲೇರಿ ನಿಂತಿದೆ. ಹುಲಿ ಟಿಪ್ಪುವಿನ ಲಾಂಛನವೆಂಬುದು ಎಲ್ಲರೂ ಬಲ್ಲ ಸಂಗತಿ. ಮೇಲಿನ ಪತಾಕೆಯಲ್ಲಿ ‘ದೇವರ ಸಿಂಹವೇ ಜಯಶಾಲಿ’ ಎಂಬ ಅರ್ಥದ ಅರಬ್ಬಿ ವಾಕ್ಯವಿದೆ. ವಿಶೇಷವೆಂದರೆ ಈ ವಾಕ್ಯವು ಟಿಪ್ಪುವಿನ ಆಯುಧಗಳ ಮೇಲೆಯೂ ಕಾಣುವಂಥದು. ಸೋತವನ ಮಾತನ್ನೇ ಗೆದ್ದವರು ತಮ್ಮ ಜಯಘೋಷವಾಗಿ ಮಾಡಿಕೊಂಡರು. ಹಿಮ್ಮೈಯಲ್ಲಿ ಕೋಟೆಗೆ ಲಗ್ಗೆಯಿಡುತ್ತಿರುವ ದೃಶ್ಯವೂ ಅದರ ಕೆಳಗೆ ಪಾರಸಿಯಲ್ಲಿ ಹಿಜರಿ ತೇದಿಯೂ ಉಂಟು.

ಈ ಪದಕವನ್ನು ಅಂತಸ್ತಿಗೆ ತಕ್ಕಂತೆ ಐದು ಬಗೆಗಳಲ್ಲಿ ಹಂಚಿದರು. ಅತ್ಯುನ್ನತ ಅಧಿಕಾರಿಗಳಿಗೆ ಚಿನ್ನ, ಅವರ ಕೆಳಗಿನವರಿಗೆ ಮುಲಾಮು ಮಾಡಿದ ಬೆಳ್ಳಿ, ಅನಂತರದವರಿಗೆ ಬರಿಯ ಬೆಳ್ಳಿ, ಕಿರಿಯ ಹುದ್ದೆಯವರಿಗೆ ಕಂಚು, ಸಾಮಾನ್ಯ ಸಿಪಾಯಿಗೆ ತವರ. ಲಗ್ಗೆಯ ದಿನ ಕಂದಕಕ್ಕೆ ಇಳಿದವರಲ್ಲಿ ಹೆಚ್ಚಿನವರು ತವರ ಪಡೆದವರೇ. ತವರವಾದರೋ ಬೇಗ ಸವೆದು ಮಂಕಾಗುವ ಲೋಹ. ಅದಕ್ಕಿಂತಲೂ ದೊಡ್ಡ ಕೊರತೆಯೊಂದಿದೆ: ಪದಕದ ಮೇಲೆ ಪಡೆದವನ ಹೆಸರನ್ನು ಕೆತ್ತಿ ಕೊಡಲಿಲ್ಲ. ಆದುದರಿಂದ ಇಂದು ಸಂಗ್ರಹಾಲಯದಲ್ಲಿರುವ ಶ್ರೀರಂಗಪಟ್ಟಣದ ತವರದ ಪದಕವು ಯಾವ ಸಿಪಾಯಿಯದೆಂದು ಪದಕವನ್ನಷ್ಟೇ ನೋಡಿ ಹೇಳುವುದು ಅಸಾಧ್ಯ. ಚಿತ್ರವುಳಿಯಿತು, ಯೋಧನು ಮರೆಯಾದನು.

ಈ ಕೊರತೆಯನ್ನು ನೀಗಿದ್ದು ವಾಟರ್‌ಲೂ ಪದಕ. 1815ರ ಜೂನ್ 18ರ ಕದನದ ತರುವಾಯ ಬ್ರಿಟಿಷ್ ಸರ್ಕಾರವು ದಂಡನಾಯಕನಿಂದ ಕಾಲಾಳಿನವರೆಗೆ ಎಲ್ಲರಿಗೂ ಒಂದೇ ಬಗೆಯ ಬೆಳ್ಳಿಯ ಪದಕವನ್ನು ಕೊಟ್ಟಿತು. ಮಡಿದವರ ಪದಕಗಳನ್ನು ಅವರ ಮನೆಯವರಿಗೆ ಒಪ್ಪಿಸಿತು. ಪದಕದ ಅಂಚಿನಲ್ಲಿ ಯಂತ್ರದ ಮೂಲಕ ಯೋಧನ ಹೆಸರನ್ನೂ ದಳವನ್ನೂ ಒತ್ತಿತು. ಅಂಚಿನ ಆ ಒಂದು ಸಾಲಿನಿಂದ ಪದಕವು ಆಭರಣದ ಸ್ಥಿತಿಯನ್ನು ದಾಟಿ ದಾಖಲೆಯಾಯಿತು. ಆ ಹೆಸರನ್ನು ಹಿಡಿದು ಸೈನ್ಯದ ಪಟ್ಟಿಗಳನ್ನು ಹುಡುಕಿದರೆ ಆ ಮನುಷ್ಯನು ಎಲ್ಲಿ ಕಾದಿದನು, ಎಲ್ಲಿ ಗಾಯಗೊಂಡನು, ಎಂದು ನಿವೃತ್ತನಾದನು ಎಂಬುದನ್ನು ಅನೇಕ ವೇಳೆ ತಿಳಿಯಬಹುದು. ನುರಿತ ಸಂಗ್ರಹಕಾರನು ಪದಕವನ್ನು ಕೈಗೆ ತೆಗೆದುಕೊಂಡೊಡನೆ ಮುಮ್ಮೈಯ ರಾಜಮುಖವನ್ನು ನೋಡದೆ ಮೊದಲು ಅಂಚನ್ನು ತಿರುಗಿಸಿ ನೋಡುವುದು ಈ ಕಾರಣದಿಂದ.

ಅಂಚಿನ ಅನಂತರ ನೋಡತಕ್ಕದ್ದು ಕ್ಲಾಸ್ಪ್ ಎಂಬ ಅಡ್ಡಪಟ್ಟಿ. ಪದಕವು ಯುದ್ಧವನ್ನು ಹೇಳಿದರೆ ಅಡ್ಡಪಟ್ಟಿಯು ಆ ಯುದ್ಧದ ಯಾವ ಕದನವೆಂಬುದನ್ನು ಹೇಳುತ್ತದೆ. 1851ರಲ್ಲಿ ಮಂಜೂರಾದ ‘ಆರ್ಮಿ ಆಫ್ ಇಂಡಿಯಾ’ ಪದಕದಲ್ಲಿ ಅಸಾಯೆ, ಮಹಿದ್‌ಪುರ, ಭರತಪುರ ಮೊದಲಾದ ಕದನಗಳ ಹೆಸರಿನ ಪಟ್ಟಿಗಳಿವೆ. ಪದಕದ ಮೇಲೆ 1799–1826 ಎಂದು ಬರೆದಿದ್ದರೂ ಅತ್ಯಂತ ಹಳೆಯ ಪಟ್ಟಿಯು 1803ರ ಕದನದ್ದು. ಅರ್ಧ ಶತಮಾನ ತಡವಾಗಿ ಬಂದ ಈ ಪದಕವು ಅಂದಿಗೆ ಬದುಕುಳಿದು ಅರ್ಜಿ ಹಾಕಿದವರಿಗೆ ಮಾತ್ರ ದೊರೆಯಿತು. ಅಷ್ಟರೊಳಗೆ ಬಹುಪಾಲು ಯೋಧರು ಕಾಲವಶರಾಗಿದ್ದರು.

ನಾನಾ ದೇಶಗಳ ಪದಕಗಳನ್ನು ಕೂಡಿಸಬಯಸುವವರು ಏನಾದರೊಂದು ಸೂತ್ರವನ್ನು ಹಿಡಿಯುವುದು ಒಳ್ಳೆಯದು. ಸೂತ್ರವಿಲ್ಲದ ಸಂಗ್ರಹ ಬರಿಯ ರಾಶಿಯಾಗುತ್ತದೆ. ಇದಕ್ಕೆ ಒಂದನೆಯ ಮಹಾಯುದ್ಧದ ವಿಜಯಪದಕವು ಉತ್ತಮ ಉದಾಹರಣೆ. ಫ್ರಾನ್ಸಿನ ಮಾರ್ಷಲ್ ಫೋಷನ ಸಲಹೆಯಂತೆ ಮಿತ್ರರಾಷ್ಟ್ರಗಳೆಲ್ಲವೂ ಕಂಚಿನ ದುಂಡುಪದಕವನ್ನು ಎರಡು ಕಾಮನಬಿಲ್ಲುಗಳ ಬಣ್ಣದ ಒಂದೇ ರಿಬ್ಬನ್ನಿನಲ್ಲಿ ತೂಗಹಾಕಲು ಒಪ್ಪಿದವು. ಚಿತ್ರವನ್ನು ಮಾತ್ರ ಆಯಾ ದೇಶಕ್ಕೆ ಬಿಟ್ಟವು. ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ಅಮೆರಿಕಗಳು ರೆಕ್ಕೆಯುಳ್ಳ ವಿಜಯದೇವತೆಯನ್ನು ನಿಲ್ಲಿಸಿದವು. ಇಟಲಿಯು ಅವಳನ್ನು ಸಿಂಹಗಳು ಎಳೆಯುವ ರಥದ ಮೇಲೆ ನಿಲ್ಲಿಸಿತು. ಜಪಾನು ತನ್ನ ಪುರಾಣದ ಯುದ್ಧದೇವತೆಯಾದ ತಕೆಮಿಕಜುಚಿಯನ್ನು ಚಿತ್ರಿಸಿತು. ಸಯಾಮ್ ದೇಶವು, ಎಂದರೆ ಇಂದಿನ ಥಾಯ್ಲೆಂಡ್, ನಾರಾಯಣನನ್ನು ಕೆತ್ತಿಸಿತು. ಬೌದ್ಧರ ನಾಡೊಂದು ಯೂರೋಪಿನ ಸಮರದ ವಿಜಯಕ್ಕೆ ವಿಷ್ಣುವಿನ ಮೂರ್ತಿಯನ್ನು ಆರಿಸಿಕೊಂಡಿತೆಂದರೆ ಭಾರತೀಯ ಸಂಸ್ಕೃತಿಯು ಎಷ್ಟು ದೂರ ಹರಡಿ ಎಷ್ಟು ಆಳವಾಗಿ ಬೇರೂರಿತ್ತೆಂಬುದು ವೇದ್ಯವಾಗುತ್ತದೆ. ಈ ಪದಕಗಳನ್ನು ಸಾಲಾಗಿ ಇಟ್ಟರೆ ಒಂದೇ ವಿಜಯವನ್ನು ಬೇರೆ ಬೇರೆ ಜನಾಂಗಗಳು ಭಾವಿಸಿದ ರೀತಿ ಒಂದೇ ನೋಟಕ್ಕೆ ಗೋಚರಿಸುತ್ತದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಅಶ್ವದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ದಳವೂ ಇದ್ದಿತಾಗಿ, ಈ ಯುದ್ಧದ ಪದಕಗಳು ನಮ್ಮವರಿಗೆ ಹೊರಗಿನವಲ್ಲ.

ಅದೇ ಯುದ್ಧದಲ್ಲಿ ಮಡಿದವರ ಮನೆಗಳಿಗೆ ಬ್ರಿಟಿಷ್ ಸರ್ಕಾರವು ಅಂಗೈಗಿಂತ ಅಗಲವಾದ ಕಂಚಿನ ಫಲಕವನ್ನು ಕಳುಹಿಸಿತು. ಇಂಥ ಫಲಕಗಳ ಸಂಖ್ಯೆ 13 ಲಕ್ಷವನ್ನು ಮೀರಿದ್ದಿತು; ಭಾರತೀಯ ಯೋಧರ ಕುಟುಂಬಗಳಿಗೂ ಅವು ಸಂದವು. ಫಲಕದಲ್ಲಿ ಮಡಿದವನ ಹೆಸರು ಉಬ್ಬಕ್ಷರಗಳಲ್ಲಿದೆ. ಹುದ್ದೆಯನ್ನು ಮಾತ್ರ ಉದ್ದೇಶಪೂರ್ವಕವಾಗಿ ಬಿಡಲಾಗಿದೆ. ತ್ಯಾಗದಲ್ಲಿ ಮೇಲು ಕೀಳಿಲ್ಲವೆಂಬುದು ಅದರ ಭಾವ. ಚಿನ್ನದಿಂದ ತವರದವರೆಗೆ ಮೆಟ್ಟಿಲು ಕಟ್ಟಿದ ಶ್ರೀರಂಗಪಟ್ಟಣದ ಪದಕದೊಡನೆ ಇದನ್ನು ಹೋಲಿಸಿದರೆ ಒಂದು ಶತಮಾನದಲ್ಲಿ ಜನರ ಮನೋಧರ್ಮ ಎಷ್ಟು ಮಾರ್ಪಟ್ಟಿತೆಂಬುದು ತಿಳಿಯುತ್ತದೆ.

ಶೌರ್ಯಪದಕಗಳಲ್ಲಿ ಲೋಹಕ್ಕೂ ಬೆಲೆಗೂ ಸಂಬಂಧವೇ ಇಲ್ಲ. 1856ರಲ್ಲಿ ಸ್ಥಾಪಿತವಾದ ವಿಕ್ಟೋರಿಯಾ ಕ್ರಾಸ್ ಕಂಚಿನದು. ಶತ್ರುವಿನಿಂದ ಗೆದ್ದ ರಷ್ಯನ್ ಫಿರಂಗಿಯ ಲೋಹದಿಂದ ಅದನ್ನು ಮಾಡುತ್ತಾರೆಂಬುದು ಬಹುಕಾಲದ ಪ್ರತೀತಿ; ಈಚಿನ ಪರೀಕ್ಷೆಗಳು ಎಲ್ಲ ಪದಕಗಳಿಗೂ ಇದು ಅನ್ವಯಿಸದೆಂದು ತೋರಿಸಿವೆ. ಭಾರತೀಯ ಯೋಧರಿಗೆ ಈ ಗೌರವವು 1911ರವರೆಗೂ ಮುಚ್ಚಿದ ಬಾಗಿಲಾಗಿತ್ತು. 1914ರಲ್ಲಿ ಬೆಲ್ಜಿಯಂನ ರಣರಂಗದಲ್ಲಿ ಹೋರಾಡಿದ ಖುದಾದಾದ್ ಖಾನ್ ಅದನ್ನು ಪಡೆದ ಮೊದಲ ಭಾರತೀಯ ಸಿಪಾಯಿ. ಸ್ವತಂತ್ರ ಭಾರತದ ಪರಮವೀರ ಚಕ್ರವು 1950ರ ಜನವರಿ 26ರಂದು ಸ್ಥಾಪಿತವಾಗಿ 1947ರ ಆಗಸ್ಟ್ 15ರಿಂದ ಅನ್ವಯವಾಯಿತು. ಅದೂ ಕಂಚಿನದೇ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಭಾರತೀಯ ಸೇನಾಧಿಕಾರಿಯ ಕೈಹಿಡಿದು ಈ ನಾಡಿನವರೇ ಆದ ಸಾವಿತ್ರಿ ಖಾನೋಲ್ಕರ್ ಅದನ್ನು ರೂಪಿಸಿದರು. ಅದರಲ್ಲಿ ನಾಲ್ಕು ಕಡೆ ಇಂದ್ರನ ವಜ್ರಾಯುಧವಿದೆ. ಲೋಕಹಿತಕ್ಕಾಗಿ ತನ್ನ ದೇಹವನ್ನೇ ತ್ಯಜಿಸಿದ ದಧೀಚಿಯ ಎಲುಬಿನಿಂದ ಆ ಆಯುಧವಾಯಿತೆಂಬ ಪುರಾಣಕಥೆಯನ್ನು ಬಲ್ಲವರಿಗೆ ಈ ಪದಕದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದುವರೆಗೆ ಈ ಪದಕವು ಸಂದಿರುವುದು 21 ಮಂದಿಗೆ. ಅವರಲ್ಲಿ 14 ಮಂದಿಗೆ ಮರಣೋತ್ತರವಾಗಿ.

ಹಂಚದೆ ಉಳಿದ ಪದಕವೂ ಒಂದು ಚರಿತ್ರೆಯನ್ನು ಹೇಳಬಲ್ಲದು. ಅಮೆರಿಕದಲ್ಲಿ ಗಾಯಗೊಂಡ ಹಾಗೂ ಮಡಿದ ಯೋಧರಿಗೆ ‘ಪರ್ಪಲ್ ಹಾರ್ಟ್’ ಪದಕವನ್ನು ಕೊಡುತ್ತಾರೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಜಪಾನಿನ ನೆಲದ ಮೇಲೆ ಇಳಿದು ಕಾದಬೇಕಾದೀತೆಂದು ಎಣಿಸಿ ಅಂಥ ಪದಕಗಳನ್ನು ಲಕ್ಷಗಟ್ಟಲೆಯಾಗಿ ಸಿದ್ಧಪಡಿಸಿದ್ದರು. 1945ರ ಆಗಸ್ಟಿನಲ್ಲಿ ಯುದ್ಧ ಮುಗಿಯಿತು. ಉಳಿದ ಪದಕಗಳು ಮುಂದೆ ಹಲವು ದಶಕಗಳವರೆಗೆ, ಕೊರಿಯ ವಿಯೆಟ್ನಾಂಗಳ ಗಾಯಾಳುಗಳಿಗೆ ಕೊಡಲೂ ಒದಗಿಬಂದವು.

ಪದಕಗಳು ಸಂಗ್ರಹಕಾರನ ಕೈಗೆ ಬರುವ ದಾರಿ ಯಾವಾಗಲೂ ಸುಖಕರವಲ್ಲ. ಬೆಲ್‌ಫಾಸ್ಟಿನ ನಾವಿಕ ಜೇಮ್ಸ್ ಮ್ಯಾಗೆನಿಸ್ 1945ರ ಜುಲೈನಲ್ಲಿ ಸಿಂಗಪುರದ ಜಲಸಂಧಿಯಲ್ಲಿ ಪುಟ್ಟ ಜಲಾಂತರ್ಗಾಮಿಯಿಂದ ಹೊರಬಿದ್ದು, ಉಸಿರಾಟದ ಸಲಕರಣೆ ಸೋರುತ್ತಿದ್ದರೂ ಲೆಕ್ಕಿಸದೆ ಜಪಾನೀ ಯುದ್ಧನೌಕೆಯ ತಳಕ್ಕೆ ಸ್ಫೋಟಕಗಳನ್ನು ಅಂಟಿಸಿ ವಿಕ್ಟೋರಿಯಾ ಕ್ರಾಸ್ ಪಡೆದನು. ಕೆಲವೇ ವರ್ಷಗಳಲ್ಲಿ ಕೈ ಬರಿದಾಗಿ, ಆ ಪದಕವನ್ನು 75 ಪೌಂಡುಗಳಿಗೆ ಮಾರಿದನೆಂದು ಅವನ ಚರಿತ್ರೆ ಹೇಳುತ್ತದೆ. ಸೋವಿಯತ್ ಒಕ್ಕೂಟದಲ್ಲಿ ಆರ್ಡರುಗಳ ಹಿಂಬದಿಯಲ್ಲಿ ಕ್ರಮಸಂಖ್ಯೆಯಿದ್ದು, ಪಡೆದವನ ಹೆಸರನ್ನು ಒಂದು ಕಿರುಪುಸ್ತಕದಲ್ಲಿ ಬರೆದುಕೊಡುತ್ತಿದ್ದರು. 1991ರಲ್ಲಿ ಒಕ್ಕೂಟ ಒಡೆದು ಜನರ ಉಳಿತಾಯವೆಲ್ಲ ಕರಗಿದಾಗ ಎಷ್ಟೋ ಪದಕಗಳು ಪರದೇಶದ ಪೇಟೆಗಳನ್ನು ಸೇರಿದವು. ಕಿರುಪುಸ್ತಕವು ಜೊತೆಯಲ್ಲಿ ಬಾರದಿದ್ದಲ್ಲಿ ಸಂಖ್ಯೆಯಿಂದ ಹೆಸರನ್ನು ಪತ್ತೆಹಚ್ಚಲು ಅಲ್ಲಿನ ದಫ್ತರಗಳನ್ನೇ ಅವಲಂಬಿಸಬೇಕು. 1980ರ ಆರಂಭದಲ್ಲಿ ಬೆಳ್ಳಿಯ ಬೆಲೆ ಗಗನಕ್ಕೇರಿದಾಗ ಒಂದನೆಯ ಮಹಾಯುದ್ಧದ ಬ್ರಿಟಿಷ್ ಬೆಳ್ಳಿ ಪದಕಗಳು ಹೇರಳವಾಗಿ ಕುಲುಮೆಗೆ ಬಿದ್ದವು. ಪ್ರತಿಯೊಂದರ ಅಂಚಿನಲ್ಲಿಯೂ ಒಬ್ಬ ಮನುಷ್ಯನ ಹೆಸರಿದ್ದಿತು. ಬೆಳ್ಳಿ ಗಟ್ಟಿಯಾಗಿ ಉಳಿಯಿತು, ಹೆಸರು ಕರಗಿತು.

ಬೆಲೆಯಿದ್ದಲ್ಲಿ ಖೋಟಾ ಸಹ ಇರುವುದು ಸಹಜ. ಹಳೆಯ ಹೆಸರನ್ನು ಅರದಿಂದ ಉಜ್ಜಿ ಪ್ರಸಿದ್ಧ ದಳದ ಯೋಧನ ಹೆಸರನ್ನು ಕೆತ್ತುವುದುಂಟು. ಉಜ್ಜಿದ ಪದಕದ ವ್ಯಾಸ ಕೂದಲೆಳೆಯಷ್ಟು ಕಡಮೆಯಾಗಿರುತ್ತದೆ. ಅಳತೆಗೆ ಅದು ಸಿಕ್ಕಿಬೀಳುತ್ತದೆ. ಅಕ್ಷರಗಳನ್ನು ಒತ್ತಿದೆಯೇ, ಕೆತ್ತಿದೆಯೇ, ಆ ಕಾಲದ ಅಕ್ಷರದ ಮಾಟ ಹೌದೇ ಎಂಬುದನ್ನು ಭೂತಗನ್ನಡಿಯಿಂದ ಪರೀಕ್ಷಿಸಬೇಕು. ಕಾನೂನಿನ ಅರಿವೂ ಅಗತ್ಯ. ಅಮೆರಿಕದಲ್ಲಿ ‘ಮೆಡಲ್ ಆಫ್ ಆನರ್’ ಮಾರುವುದು ಅಪರಾಧ. ಜರ್ಮನಿಯಲ್ಲಿ 1957ರ ಕಾನೂನಿನಂತೆ ಎರಡನೆಯ ಮಹಾಯುದ್ಧದ ಪದಕಗಳನ್ನು ನಾಜಿ ಚಿಹ್ನೆಯನ್ನು ತೆಗೆದ ರೂಪದಲ್ಲಿ ಮಾತ್ರ ಧರಿಸಬಹುದು. ಭಾರತದಲ್ಲಿ 1972ರ ಪ್ರಾಚ್ಯವಸ್ತು ಅಧಿನಿಯಮವು ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು ನಿಷೇಧಿಸಿದೆ.

ಇನ್ನು ರಕ್ಷಣೆಯ ಮಾತು. ಪದಕವನ್ನು ಹುಣಿಸೆಹಣ್ಣಿನಿಂದಾಗಲಿ ಪಾಲಿಶಿನಿಂದಾಗಲಿ ಬೆಳಗಬಾರದು; ಪ್ರತಿ ಉಜ್ಜಿಗೂ ಅಕ್ಷರ ಸವೆಯುತ್ತದೆ. ಒಬ್ಬನ ಪದಕಗಳನ್ನು ಅಣ್ಣತಮ್ಮಂದಿರಲ್ಲಿ ಹಂಚಿ ಒಡೆಯಬಾರದು; ಅವು ಒಟ್ಟಿಗೆ ಇದ್ದರೆ ಒಂದು ಜೀವನಚರಿತ್ರೆ, ಬೇರೆಯಾದರೆ ಬರಿಯ ತುಣುಕು. ಸನ್ನದು, ಬಿಡುಗಡೆಯ ಕಾಗದ, ಪಿಂಚಣಿಯ ಪುಸ್ತಕ, ಸಮವಸ್ತ್ರದಲ್ಲಿ ತೆಗೆಸಿದ ಭಾವಚಿತ್ರ ಇವೆಲ್ಲವೂ ಪದಕದೊಡನೆ ಇರತಕ್ಕವು. ಹಿರಿಯರ ಬಾಯಿಂದ ಕೇಳಿದ ಸಂಗತಿಗಳನ್ನು, ಹೇಳಿದವರ ಹೆಸರು ಮತ್ತು ತೇದಿಯೊಡನೆ, ಒಂದು ಹಾಳೆಯಲ್ಲಿ ಬರೆದು ಜೊತೆಗಿಡಬೇಕು.

ಸೈನ್ಯದಲ್ಲಿ ದುಡಿದವರ ಮನೆಗಳು ನಮ್ಮ ಹಳ್ಳಿಗಳಲ್ಲಿಯೂ ಇವೆ. ಅಂಥ ಮನೆಯ ಟ್ರಂಕಿನ ತಳದಲ್ಲಿ ಮಾಸಿದ ರಿಬ್ಬನ್ನಿನ ಪದಕವೊಂದು ದೊರೆತರೆ ಅದನ್ನು ತೂಕಕ್ಕೆ ಹಾಕುವ ಮುನ್ನ ಬೆಳಕಿಗೆ ಹಿಡಿದು ಅಂಚನ್ನು ಓದಬೇಕು. ಶಾಲೆಯ ಮಕ್ಕಳಿಗೆ ಈ ಕೆಲಸವನ್ನು ಉಪಾಧ್ಯಾಯರು ಸುಲಭವಾಗಿ ಕಲಿಸಬಹುದು. ಸಂಖ್ಯೆ, ಹುದ್ದೆ, ಹೆಸರು, ದಳ ಎಂಬ ನಾಲ್ಕು ವಿವರಗಳನ್ನು ನಕಲುಮಾಡಿಕೊಂಡರೂ ಸಾಕು. ಪದಕವು ಮುಂದೆ ಯಾರ ಕೈಸೇರಿದರೂ ಅದನ್ನು ಗಳಿಸಿದವನು ಯಾರೆಂಬುದು ಉಳಿಯುತ್ತದೆ.