ಹಸಿವು ಕೊಲ್ಲುವ ಮಾತ್ರೆ ಹಲಾಲಾ ಎಂದು ಕೇಳುವ ಮೊದಲು

ಒಂದು ದಿನ ಮಗ್ರಿಬ್ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲು ಇಳಿಯುವಾಗ ಫೋನ್ ಬಂತು. ನಮ್ಮ ಮದ್ರಸದಲ್ಲಿ ಕಲಿತು ಹೋದ ಒಬ್ಬಳು ಹುಡುಗಿಯ ಉಮ್ಮ. ಸಲಾಂ ಹೇಳಿದವರೇ ನೇರ ವಿಷಯಕ್ಕೆ ಬಂದರು. "ಉಸ್ತಾದ್, ಕ್ಯಾಪ್ಸೂಲಿನ ಮೇಲಿನ ಸಿಪ್ಪೆ ಜಿಲೆಟಿನ್‌ದು ಅಂತೆ. ಅದು ತಿನ್ನಬಹುದಾ?"

ಜಿಲೆಟಿನ್ ಯಾವ ಪ್ರಾಣಿಯದ್ದು ಎಂದು ನೋಡಬೇಕಾಗುತ್ತದೆ, ಅದಕ್ಕೆ ಉಲಮಾಗಳ ವಿವರಣೆ ಉಂಟು ಎಂದೆ. "ಯಾವ ಕಾಯಿಲೆಗೆ ಕೊಟ್ಟದ್ದು?" ಎಂದು ಕೇಳಿದೆ. ಆಚೆ ಕಡೆ ಸ್ವಲ್ಪ ಹೊತ್ತು ಮೌನ. "ಕಾಯಿಲೆ ಎಂತದ್ದೂ ಇಲ್ಲ ಉಸ್ತಾದ್. ಹಸಿವು ಆಗದ ಹಾಗೆ ಮಾಡುವ ಮಾತ್ರೆ. ಮಗಳಿಗೆ ನಿಕಾಹ್‌ಗೆ ಇನ್ನು ಎರಡೇ ತಿಂಗಳು ಇರುವುದು."

ವಿಷಯ ಹೀಗೆ. ಹುಡುಗಿ ನೋಡಲು ಬಂದಿದ್ದಾಗ ಹುಡುಗನ ಕಡೆಯ ಒಬ್ಬರು ಹಿರಿಯ ಹೆಂಗಸು, "ಹುಡುಗಿ ಒಳ್ಳೆದುಂಟು, ಸ್ವಲ್ಪ ಇಳಿದರೆ ಮದುವೆಯ ಡ್ರೆಸ್‌ಗೆ ಇನ್ನೂ ಚಂದ" ಎಂದಿದ್ದರಂತೆ. ಅವರು ಚಾ ಕುಡಿದು ಹೋದರು. ಮಾತು ಮಾತ್ರ ಮನೆಯಲ್ಲಿಯೇ ಉಳಿಯಿತು. ಅಮೆರಿಕದಲ್ಲಿರುವ ಚಿಕ್ಕಮ್ಮನ ಮಗಳು ರಜೆಗೆ ಬರುವಾಗ ತನಗೆಂದು ವೈದ್ಯರು ಬರೆದುಕೊಟ್ಟ ಮಾತ್ರೆಯ ಡಬ್ಬಿಯನ್ನೇ ತಂದು ಕೊಟ್ಟಳು. ಡಬ್ಬಿಯ ಮೇಲಿನ ಹೆಸರು ಅವಳದ್ದು, ತಿನ್ನುವವಳು ಇವಳು. ಮನೆಯಲ್ಲಿ ಎಲ್ಲರಿಗೂ ಚಿಂತೆ ಸಿಪ್ಪೆಯದ್ದು. ಒಳಗೆ ಇರುವುದು ಎಂತದ್ದು ಎಂದು ಯಾರೂ ಕೇಳಿರಲಿಲ್ಲ.

ಒಳಗೆ ಇದ್ದದ್ದು ಫೆಂಟರ್ಮಿನ್. ಅಮೆರಿಕದಲ್ಲಿ 1959ರಿಂದ ಇರುವ ಔಷಧಿ. ನಮ್ಮ ದೇಹಕ್ಕೆ ಅಪಾಯ ಎದುರಾದಾಗ ಹಸಿವು ತನ್ನಿಂದ ತಾನೇ ಅಡಗುತ್ತದೆ, ಅಲ್ಲವಾ? ನಾಯಿ ಅಟ್ಟಿಸಿಕೊಂಡು ಬರುವಾಗ ಯಾರಿಗೂ ಊಟದ ನೆನಪಾಗುವುದಿಲ್ಲ. ಈ ಮಾತ್ರೆ ಮೆದುಳಿನಲ್ಲಿ ಹೆಚ್ಚು ಕಡಿಮೆ ಅಂತಹದ್ದೇ ಎಚ್ಚರದ ಸ್ಥಿತಿಯನ್ನು ಹುಟ್ಟಿಸುತ್ತದೆ. ಹಸಿವು ಕಡಿಮೆಯಾಗುತ್ತದೆ, ನಿಜ. ಅದರ ಜೊತೆಗೆ ಎದೆ ಬಡಿತ ಏರಬಹುದು, ಬಿ.ಪಿ. ಹೆಚ್ಚಬಹುದು, ಬಾಯಿ ಒಣಗಬಹುದು, ಮಲಬದ್ಧತೆ ಆಗಬಹುದು, ರಾತ್ರಿ ನಿದ್ದೆ ಬಾರದೆ ಇರಬಹುದು. ಅಭ್ಯಾಸವಾಗಿ ಬಿಡುವ ಭಯ ಇರುವುದರಿಂದ ಅಲ್ಲಿಯ ಸರಕಾರ ಅದನ್ನು ನಿಯಂತ್ರಿತ ಔಷಧಿಗಳ ಪಟ್ಟಿಯಲ್ಲಿ ಇಟ್ಟಿದೆ.

ಈ ಔಷಧಿ ಯಾರಿಗೆ ಎಂಬುದಕ್ಕೂ ಲೆಕ್ಕ ಉಂಟು. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆಗೆ ಬಿ.ಎಂ.ಐ. ಎನ್ನುತ್ತಾರೆ. ಅದು 30 ಅಥವಾ ಅದಕ್ಕಿಂತ ಮೇಲೆ ಇರುವವರಿಗೆ, ಅಥವಾ 27 ದಾಟಿದ್ದು ಜೊತೆಗೆ ಬಿ.ಪಿ., ಸಕ್ಕರೆ ಕಾಯಿಲೆಯಂತಹ ತೊಂದರೆ ಇರುವವರಿಗೆ ಅಮೆರಿಕದ ವೈದ್ಯರು ಇದನ್ನು ಕೊಡುತ್ತಾರೆ. ಅದೂ ಕೆಲವೇ ವಾರಗಳ ಮಟ್ಟಿಗೆ, ಊಟದ ಕ್ರಮ ಮತ್ತು ವ್ಯಾಯಾಮದ ಜೊತೆಗೆ. ನಮ್ಮ ಹುಡುಗಿಯ ಎತ್ತರ 155 ಸೆಂಟಿಮೀಟರ್, ತೂಕ 58 ಕಿಲೋ. ಲೆಕ್ಕ ಹಾಕಿದರೆ 24 ಚಿಲ್ಲರೆ. ನಮ್ಮ ದೇಶದವರಿಗೆ ತಜ್ಞರು 2009ರಲ್ಲಿ ಇನ್ನೂ ಬಿಗಿಯಾದ ಅಳತೆ ಇಟ್ಟಿದ್ದಾರೆ: 23ರ ಮೇಲೆ ತೂಕ ಹೆಚ್ಚು, 25ರ ಮೇಲೆ ಬೊಜ್ಜು. ಆ ಅಳತೆಯಲ್ಲಿಯೂ ಅವಳದ್ದು ಬೊಜ್ಜು ಅಲ್ಲ. ದಿನಾ ಸ್ವಲ್ಪ ನಡೆದು, ಸಂಜೆಯ ಕರಿದ ತಿಂಡಿ ಬಿಟ್ಟರೆ ಸಾಕಾಗುವ ತೂಕ.

ಮರುದಿನ ನನ್ನ ಹೆಂಡತಿಯನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಮದ್ರಸದಲ್ಲಿ ಎಲ್ಲರಿಗಿಂತ ಗಟ್ಟಿ ಸ್ವರದಲ್ಲಿ ಓದುತ್ತಿದ್ದ ಹುಡುಗಿ ಅವಳು. ಅಂದು ಬಾಗಿಲ ಮರೆಯಲ್ಲಿ ನಿಂತು ಸಣ್ಣ ದನಿಯಲ್ಲಿ ಹೇಳಿದಳು: "ಹಸಿವು ಇಲ್ಲ ಉಸ್ತಾದ್, ಅದು ಖುಷಿಯೇ. ಆದರೆ ರಾತ್ರಿ ಮಲಗಿದರೆ ಎದೆ ಓಡಿದ ಹಾಗೆ ಆಗುತ್ತದೆ. ನಿದ್ದೆ ಇಲ್ಲದೆ ಒಂಬತ್ತು ದಿನ ಆಯಿತು." ಉಮ್ಮನಿಗೆ ಇದು ಗೊತ್ತೇ ಇರಲಿಲ್ಲ. ಡಬ್ಬಿ ಹಿಡಿದುಕೊಂಡು ಅಂದೇ ಆಸ್ಪತ್ರೆಗೆ ಹೋದರು. ನಾಡಿ, ಬಿ.ಪಿ. ಎರಡೂ ಏರಿದ್ದವು. ಡಾಕ್ಟರ್ ಮಾತ್ರೆ ನಿಲ್ಲಿಸಿದರು, ಇ.ಸಿ.ಜಿ. ಮಾಡಿಸಿದರು, ಥೈರಾಯ್ಡ್ ಪರೀಕ್ಷೆಗೆ ಬರೆದರು. ಥೈರಾಯ್ಡ್ ಹೆಚ್ಚಾಗಿ ಕೆಲಸ ಮಾಡುವವರು, ಹೃದಯದ ಕಾಯಿಲೆ ಇರುವವರು, ಕಣ್ಣಿನ ಒತ್ತಡದ ಗ್ಲಾಕೋಮಾ ಇರುವವರು ಈ ಮಾತ್ರೆ ಮುಟ್ಟಲೇಬಾರದು. ಗರ್ಭಿಣಿಯರು, ಹಾಲುಣಿಸುವ ತಾಯಂದಿರೂ ಅಷ್ಟೇ. ಅಲ್‌ಹಮ್ದುಲಿಲ್ಲಾಹ್, ಪರೀಕ್ಷೆಯಲ್ಲಿ ತೊಂದರೆ ಕಾಣಲಿಲ್ಲ. ಎಲ್ಲರಿಗೂ ಹೀಗೆಯೇ ಆಗುತ್ತದೆ ಎಂದು ಹೇಳಲು ಸಾಧ್ಯವಿಲ್ಲ.

ಹಸಿವು ಅಡಗಿಸುವ ಔಷಧಿಗಳ ಹಿಂದಿನ ಕಥೆ ಸ್ವಲ್ಪ ಕೇಳಿ. 1990ರ ದಶಕದಲ್ಲಿ ಅಮೆರಿಕದಲ್ಲಿ ಫೆಂಟರ್ಮಿನ್ ಜೊತೆ ಫೆನ್‌ಫ್ಲುರಮಿನ್ ಎಂಬ ಇನ್ನೊಂದು ಮಾತ್ರೆ ಸೇರಿಸಿ ಕೊಡುವ ರೂಢಿ ಬಂತು. ಲಕ್ಷಗಟ್ಟಲೆ ಜನ ತಿಂದರು. ಕೆಲವರ ಹೃದಯದ ಕವಾಟವೇ ಹಾಳಾದದ್ದು ಕಂಡು 1997ರಲ್ಲಿ ಫೆನ್‌ಫ್ಲುರಮಿನ್ ಅನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದರು. ಆಮೇಲೆ ಸಿಬುಟ್ರಮಿನ್ ಬಂತು. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ ಎಂದು 2010ರಲ್ಲಿ ಯುರೋಪ್, ಅಮೆರಿಕಗಳಲ್ಲಿ ನಿಂತಿತು, 2011ರಲ್ಲಿ ಭಾರತದಲ್ಲಿ ನಿಷೇಧವಾಯಿತು. ಆದರೂ "ಶುದ್ಧ ಗಿಡಮೂಲಿಕೆ, ಹದಿನೈದು ದಿನದಲ್ಲಿ ಸಪೂರ" ಎಂದು ಮಾರುವ ಕೆಲವು ಪುಡಿ, ಚಾ, ಕ್ಯಾಪ್ಸೂಲುಗಳನ್ನು ಹೊರದೇಶಗಳಲ್ಲಿ ಪರೀಕ್ಷೆ ಮಾಡಿದಾಗ ಇದೇ ಸಿಬುಟ್ರಮಿನ್ ಅನೇಕ ಸಲ ಸಿಕ್ಕಿದೆ. ವಾಟ್ಸ್ಆ್ಯಪಿನಲ್ಲಿ ಬರುವ ಜಾಹೀರಾತು ನೋಡಿ ತರಿಸುವವರು ಇದನ್ನು ನೆನಪಿಡಬೇಕು.

ಈಗ ಹಸಿವು ಕಡಿಮೆ ಮಾಡುವ ಇಂಜೆಕ್ಷನ್ ಕೂಡ ಬಂದಿದೆ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಎಂದು ಹೆಸರು. ಅವು ಬೇರೆ ಜಾತಿಯ ಔಷಧಿಗಳು, ಬೇರೆ ರೀತಿ ಕೆಲಸ ಮಾಡುತ್ತವೆ. ಅವೂ ಡಾಕ್ಟರ ಚೀಟಿಯ ಔಷಧಿಗಳೇ. ಮದುವೆಯಾಗುವ ಹುಡುಗಿಯರು ಒಂದು ವಿಷಯ ವಿಶೇಷವಾಗಿ ತಿಳಿದಿರಬೇಕು: ಗರ್ಭ ಧರಿಸುವ ಯೋಚನೆ ಇದ್ದರೆ ಸೆಮಾಗ್ಲುಟೈಡನ್ನು ಕನಿಷ್ಠ ಎರಡು ತಿಂಗಳ ಮೊದಲೇ ನಿಲ್ಲಿಸಬೇಕು. ನಮ್ಮಲ್ಲಿ ಮದುವೆಯಾದ ಎರಡು ಮೂರು ತಿಂಗಳಲ್ಲೇ ಕೆಲವರಿಗೆ ವಿಶೇಷ ಇರುತ್ತದೆ. ಮದುವೆಯ ದಿನದವರೆಗೂ ಇಂಥದ್ದು ತೆಗೆದುಕೊಂಡರೆ ಎಂತ ಆಗಬಹುದು ಎಂದು ಯೋಚಿಸಿ.

ವಿದೇಶದಿಂದ ತರುವವರಿಗೂ ಒಂದು ಮಾತು. ಹೆಚ್ಚಿನವರು ಗಲ್ಫ್ ದಾರಿಯಾಗಿಯೇ ಬಂದು ಹೋಗುವವರು. ನಿಯಂತ್ರಿತ ಔಷಧಿಗಳ ವಿಷಯದಲ್ಲಿ ಅಲ್ಲಿಯ ಕಾನೂನು ಬಹಳ ಕಠಿಣ. ಯು.ಎ.ಇ.ಗೆ ಅಂತಹ ಮದ್ದು ತರುವುದಾದರೆ ತನ್ನ ಹೆಸರಿನ ಚೀಟಿ ಬೇಕು, ಮೊದಲೇ ಸರಕಾರದ ಅನುಮತಿ ಬೇಕು. "ನನ್ನ ತಂಗಿಗೆ ಕೊಂಡುಹೋಗುವುದು" ಎಂದರೆ ವಿಮಾನ ನಿಲ್ದಾಣದಲ್ಲಿ ಯಾರೂ ಕೇಳುವುದಿಲ್ಲ.

ಹಾಗಾದರೆ ಈ ಮಾತ್ರೆ ಹರಾಮಾ? ಹಾಗೆ ಹೇಳಲು ನಾನು ಹೊರಟಿಲ್ಲ. ಬೊಜ್ಜಿನಿಂದ ಸಕ್ಕರೆ, ಬಿ.ಪಿ., ಮೊಣಕಾಲು ನೋವು ಬಂದು ಕಷ್ಟಪಡುವವರು ನಮ್ಮ ಮನೆಗಳಲ್ಲಿ ಬಹಳ ಇದ್ದಾರೆ. ಡಾಕ್ಟರ್ ನೋಡಿ, ಪರೀಕ್ಷೆ ಮಾಡಿ ಔಷಧಿ ಕೊಟ್ಟರೆ ಅದು ಚಿಕಿತ್ಸೆ. ಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ಕಲಿಸಿದ ಧರ್ಮ ನಮ್ಮದು. ಅಂತಹವರನ್ನು ನೋಡಿ "ತಿನ್ನುವುದು ಕಮ್ಮಿ ಮಾಡಿದರೆ ಆಗದಾ" ಎಂದು ಚುಚ್ಚಿ ಮಾತಾಡುವುದು ತಪ್ಪು. ಆದರೆ ಕಾಯಿಲೆ ಇಲ್ಲದವಳು ಇನ್ನೊಬ್ಬರ ಹೆಸರಿನ ಮಾತ್ರೆಯನ್ನು ನಾಲ್ಕು ಫೋಟೋಗೋಸ್ಕರ ತಿನ್ನುವುದನ್ನು ಚಿಕಿತ್ಸೆ ಎನ್ನುವುದು ಹೇಗೆ? ಅದೂ ಮಾತ್ರೆ ನಿಲ್ಲಿಸಿದ ಮೇಲೆ ಹಸಿವು ವಾಪಸ್ ಬರುತ್ತದೆ, ತೂಕವೂ ಹೆಚ್ಚಾಗಿ ವಾಪಸ್ ಬರುತ್ತದೆ. ಮದುವೆಯ ನಂತರದ ಸತ್ಕಾರಗಳ ತುಪ್ಪದನ್ನ, ಬಿರಿಯಾನಿಯ ಮುಂದೆ ಕೇಳುವುದೇ ಬೇಡ.

ದಿನಾ ಉಪವಾಸ ಹಿಡಿದು ರಾತ್ರಿಯಿಡೀ ನಮಾಝ್ ಮಾಡುತ್ತಿದ್ದ ಸ್ವಹಾಬಿ ಅಬ್ದುಲ್ಲಾಹಿಬ್ನು ಅಮ್ರ್ (ರ) ಅವರನ್ನು ಪ್ರವಾದಿ (ಸ) ಕರೆದು, ದೇಹಕ್ಕೂ ಕಣ್ಣಿಗೂ ನಿನ್ನ ಮೇಲೆ ಹಕ್ಕು ಉಂಟು ಎಂದು ತಿದ್ದಿದ ಘಟನೆಯನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಇಬಾದತ್ತಿಗೋಸ್ಕರ ದೇಹವನ್ನು ದಣಿಸುವುದಕ್ಕೇ ಮಿತಿ ಇಟ್ಟ ಮೇಲೆ, ಒಂದು ದಿನದ ಡ್ರೆಸ್ಸಿಗೋಸ್ಕರ ಎದೆಯನ್ನು ಓಡಿಸುವುದು ಎಷ್ಟು ಸರಿ? ದೇಹ ಅಮಾನತ್ತು. ಅದನ್ನು ಕೊಟ್ಟವನಿಗೆ ಲೆಕ್ಕ ಒಪ್ಪಿಸಬೇಕು.

ಇದರಲ್ಲಿ ಹುಡುಗಿಯ ತಪ್ಪು ಸ್ವಲ್ಪವೇ. ಹೆಚ್ಚಿನದ್ದು ನಮ್ಮದು, ದೊಡ್ಡವರದ್ದು. ಹುಡುಗಿ ನೋಡಲು ಹೋಗಿ ತರಕಾರಿ ಆರಿಸಿದ ಹಾಗೆ ಬಣ್ಣ, ಎತ್ತರ, ದಪ್ಪ ಎಂದು ಮಾತಾಡುವ ಚಾಳಿ ನಮ್ಮಲ್ಲಿ ಉಂಟು. ಹೇಳಿದವರು ಮರೆಯುತ್ತಾರೆ, ಕೇಳಿದವಳು ನಿದ್ದೆ ಬಿಡುತ್ತಾಳೆ. ವರದಕ್ಷಿಣೆಯ ಬಗ್ಗೆ ಮಿಂಬರಿನಲ್ಲಿ ಮಾತಾಡುವ ನಾವು ಇದರ ಬಗ್ಗೆಯೂ ಮಾತಾಡಬೇಕು.

ಕೊನೆಗೆ ಆ ಹುಡುಗಿಯ ಬಾಪ ಧೈರ್ಯ ಮಾಡಿ ಹುಡುಗನ ಮನೆಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದರು. ಹುಡುಗನಿಗೆ ಗಾಬರಿ. "ನಾನು ಯಾವತ್ತು ಹಾಗೆ ಹೇಳಿದ್ದೆ?" ಎಂದನಂತೆ. ಆ ಹಿರಿಯ ಹೆಂಗಸು ಮರುದಿನವೇ ಬಂದು ಹುಡುಗಿಯ ಕೈ ಹಿಡಿದು ಕೂತರು. ಡ್ರೆಸ್ಸನ್ನು ಟೈಲರ್ ಎರಡು ಇಂಚು ಬಿಡಿಸಿಕೊಟ್ಟ. ಮೈಲಾಂಜಿಯ ರಾತ್ರಿ ಅವಳು ಹೊಟ್ಟೆ ತುಂಬ ಉಂಡಳು ಎಂದು ಉಮ್ಮ ಫೋನಿನಲ್ಲಿ ಹೇಳಿದರು. ಈ ಸಲ ಜಿಲೆಟಿನ್ ಬಗ್ಗೆ ಕೇಳಲಿಲ್ಲ.

ನಮ್ಮ ನಾಲಿಗೆಯಿಂದ ಯಾರ ಮನೆಯ ಮಗಳೂ ನಿದ್ದೆ ಕಳೆದುಕೊಳ್ಳದ ಹಾಗೆ ಅಲ್ಲಾಹನು ಕಾಪಾಡಲಿ. ಆಮೀನ್.