ಸ್ಲೇಟು ಸೀಳುವವರ ಒಂದು ವರ್ಷ

ಎರಡು ಅಂಗುಲ ದಪ್ಪದ ಸ್ಲೇಟು ಹಲಗೆಯಿಂದ ಎಂಟು ಹಾಳೆ ತೆಗೆಯಬೇಕು ಎಂದುಕೊಳ್ಳಿ. ಒಂದು ಬದಿಯಿಂದ ಶುರುಮಾಡಿ ಒಂದೊಂದೇ ಹಾಳೆ ಬಿಡಿಸುತ್ತ ಹೋದರೆ ಕೆಲಸ ಕೆಡುತ್ತದೆ. ಸೀಳು ಯಾವಾಗಲೂ ತೆಳುವಾದ ಕಡೆಗೇ ವಾಲುತ್ತದೆ. ಅರ್ಧ ದಾರಿಯಲ್ಲಿ ಹೊರಕ್ಕೆ ತಿರುಗಿ ಹಾಳೆ ತುಂಡಾಗುತ್ತದೆ. ಆದ್ದರಿಂದ ಹಲಗೆಯನ್ನು ಸರಿಯಾಗಿ ನಡುವೆ ಸೀಳಿ ಎರಡು ಮಾಡಬೇಕು. ಎರಡನ್ನು ನಾಲ್ಕು ಮಾಡಬೇಕು, ನಾಲ್ಕನ್ನು ಎಂಟು. ಪ್ರತಿ ಸಲವೂ ಉಳಿಯ ಎರಡೂ ಬದಿಗೆ ಒಂದೇ ದಪ್ಪದ ಕಲ್ಲಿರಬೇಕು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಅಂದರೆ 1837ರಿಂದ 1901ರವರೆಗೆ, ಉತ್ತರ ವೇಲ್ಸ್‌ನ ಬೆಟ್ಟದ ಊರುಗಳಲ್ಲಿ ಸಾವಿರಾರು ಮನೆಗಳ ಒಲೆ ಉರಿದದ್ದು ಈ ಲೆಕ್ಕದ ಮೇಲೆ.

ಬೆಥೆಸ್ಡಾ ಊರಿನ ಪಕ್ಕದ ಪೆನ್ರಿನ್, ಲಾನ್‌ಬೆರಿಸ್‌ನ ಸರೋವರದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ದಿನೋರ್ವಿಗ್, ನೆಲದಡಿಯಲ್ಲಿ ಮೋಂಬತ್ತಿ ಹಚ್ಚಿಕೊಂಡು ಕಲ್ಲು ತೆಗೆಯುತ್ತಿದ್ದ ಬ್ಲೈನೈ ಫೆಸ್ಟಿನಿಯೋಗ್: ಇವು ಆ ಕಸುಬಿನ ದೊಡ್ಡ ನೆಲೆಗಳು. ಪೆನ್ರಿನ್ ಮತ್ತು ದಿನೋರ್ವಿಗ್‌ಗಳ ಕಲ್ಲಿಗೆ ಸುಮಾರು 50 ಕೋಟಿ ವರ್ಷ ವಯಸ್ಸು. ಕಡಲ ತಳದಲ್ಲಿ ಕೂತ ನುಣ್ಣನೆಯ ಕೆಸರು ಗಟ್ಟಿಯಾಗಿ, ಆಮೇಲೆ ಭೂಮಿಯ ಒತ್ತಡಕ್ಕೆ ಸಿಕ್ಕಿ, ಅದರೊಳಗಿನ ಸೂಕ್ಷ್ಮ ಖನಿಜಗಳೆಲ್ಲ ಒಂದೇ ದಿಕ್ಕಿಗೆ ಮಲಗಿದವು. ಕಲ್ಲು ಸೀಳುವುದು ಆ ದಿಕ್ಕಿನಲ್ಲಿ. ಮೊದಲು ಕೆಸರು ಕೂತ ಪದರದ ದಿಕ್ಕು ಬೇರೆಯೇ ಇರಬಹುದು. ನಮ್ಮಲ್ಲಿ ಮಕ್ಕಳು ಬಳಪದಿಂದ ಮಗ್ಗಿ ಬರೆಯುತ್ತಿದ್ದ ಕಲ್ಲಿನ ಸ್ಲೇಟು ಇದೇ ಜಾತಿಯದು. ಅದನ್ನು ಬೀಳಿಸಿ ಒಡೆದವರಿಗೆ ಅಂಚಿನ ತೆಳು ಪದರಗಳ ನೆನಪಿರುತ್ತದೆ.

ಕ್ವಾರಿಯ ಕೆಲಸಗಾರ ಬರೀ ದಿನಗೂಲಿಯವನಾಗಿರಲಿಲ್ಲ. ಬಂಡೆಯ ಮುಖದಲ್ಲಿ ಸುಮಾರು ಆರು ಗಜ ಅಗಲದ ಒಂದು ಪಾಲನ್ನು ಮೂರು ನಾಲ್ಕು ಜನರ ತಂಡಕ್ಕೆ ತಿಂಗಳ ಲೆಕ್ಕದಲ್ಲಿ ವಹಿಸುತ್ತಿದ್ದರು. ಇದಕ್ಕೆ ‘ಬಾರ್ಗೆನ್’ ಎಂದು ಹೆಸರು. ಇಬ್ಬರು ಬಂಡೆಯ ಮೇಲೆ, ಒಬ್ಬ ಸೀಳುವವನು, ಒಬ್ಬ ಅಂಚು ಕತ್ತರಿಸುವವನು. ತಿಂಗಳ ಮೊದಲಿಗೆ ಮೇಲ್ವಿಚಾರಕ ಬಂದು ಬಂಡೆ ನೋಡುತ್ತಿದ್ದ. ಕಲ್ಲು ಒಳ್ಳೆಯದಿದ್ದರೆ ದರ ಕಡಿಮೆ, ಗಂಟು ಬಿರುಕುಗಳಿದ್ದರೆ ಹೆಚ್ಚು. ಈ ಚೌಕಾಸಿಯಲ್ಲಿ ಕೆಲಸಗಾರನ ಬಲವೆಂದರೆ ಅವನ ಕಣ್ಣು ಮಾತ್ರ. ಒಳಗೆ ಬಿರುಕು ಎತ್ತ ಓಡಿದೆ, ಮದ್ದು ಎಲ್ಲಿ ತುಂಬಿದರೆ ದೊಡ್ಡ ತುಂಡು ಪುಡಿಯಾಗದೆ ಕಳಚುತ್ತದೆ ಎಂಬುದು ಎಷ್ಟೋ ಸಲ ಮೇಲ್ವಿಚಾರಕನಿಗಿಂತ ಅವನಿಗೇ ಚೆನ್ನಾಗಿ ತಿಳಿದಿರುತ್ತಿತ್ತು. ಈ ಜನರ ಸ್ವಾಭಿಮಾನದ ಬೇರು ಇಲ್ಲಿದೆ ಎಂದು ನಾನು ನಂಬಿದ್ದೇನೆ. ಮದ್ದು, ಹಗ್ಗ, ಉಳಿಗೆ ಸಾಣೆ ಹಿಡಿಸಿದ ಖರ್ಚು ಎಲ್ಲವೂ ಅವರ ಸಂಬಳದಿಂದಲೇ ಕಳೆಯುತ್ತಿತ್ತು.

ಬಂಡೆಗಾರ ತೊಡೆಗೆ ಸರಪಳಿ ಸುತ್ತಿಕೊಂಡು ಕಡಿದಾದ ಗೋಡೆಯಲ್ಲಿ ತೂಗುತ್ತ ಕೆಲಸ ಮಾಡುತ್ತಿದ್ದ. ಅವನು ಕೆಡವಿದ ತುಂಡನ್ನು ಮೊದಲು ಸೀಳಿಗೆ ಅಡ್ಡವಾಗಿ, ಕಲ್ಲಿಗೆ ಇರುವ ಇನ್ನೊಂದು ಒಳ ಎಳೆಯ ಗುಂಟ ಒಡೆದು ಅಗಲ ಇಳಿಸಬೇಕು. ಆಮೇಲೆ ಅದು ‘ಗ್ವಾಲ್’ ಎಂಬ ಮುಂಬದಿ ತೆರೆದ ಕಲ್ಲುಗುಡಿಸಲಿಗೆ ಬರುತ್ತದೆ. ಅಲ್ಲಿ ಸೀಳುವವನು ನೆಲಕ್ಕೆ ಹತ್ತಿರ ಕೂತು, ಹಲಗೆಯನ್ನು ತೊಡೆಗೆ ಒರಗಿಸಿ, ಅಂಗೈಗಿಂತ ಅಗಲವಾದ ತೆಳು ಬಾಯಿಯ ಉಳಿಯನ್ನು ಅಂಚಿಗೆ ಇಡುತ್ತಾನೆ. ಕೊಡತಿಯಿಂದ ಮೆಲ್ಲಗೆ ಒಂದೆರಡು ಪೆಟ್ಟು. ಜೋರು ಹೊಡೆತ ಇಲ್ಲಿ ಶತ್ರು. ಮೊದಲ ಪೆಟ್ಟಿಗೆ ಕೂದಲೆಳೆಯಷ್ಟು ಗೆರೆ ಮೂಡುತ್ತದೆ. ಉಳಿಯನ್ನು ಅಂಚಿನುದ್ದಕ್ಕೂ ಸ್ವಲ್ಪ ಸ್ವಲ್ಪ ಸರಿಸುತ್ತ ಆ ಗೆರೆಯನ್ನು ಮುಂದೆ ನಡೆಸಬೇಕು. ಗೆರೆ ಸಾಕಷ್ಟು ಓಡಿದ ಮೇಲೆ ಉಳಿಯನ್ನು ಒಳಗಿಟ್ಟು ಹಗುರಾಗಿ ಹೊರಳಿಸಿದರೆ ಹಲಗೆ ತಾನಾಗಿ ಎರಡಾಗುತ್ತದೆ. ಸೀಳು ಸರಿಯಾಗಿ ಹೋಗುತ್ತಿದೆಯೇ ಎಂದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಗಟ್ಟಿ ಕಲ್ಲು ಗಂಟೆಯ ಹಾಗೆ ನುಡಿಯುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ಸದ್ದು ಮಾಡುತ್ತದೆ. ಬಂಡೆಯಿಂದ ಆಗಷ್ಟೇ ಬಂದ ಕಲ್ಲು ಸುಲಭಕ್ಕೆ ಸೀಳುತ್ತದೆ, ಒಣಗಿದರೆ ಹಟ ಹಿಡಿಯುತ್ತದೆ. ಅದಕ್ಕೇ ಹಲಗೆಗಳನ್ನು ಒದ್ದೆಯಾಗಿಡುತ್ತಿದ್ದರು.

ಹಾಳೆಯಾದ ಮೇಲೆ ಅಳತೆ. ತುದಿಗೆ ಮೊಳೆ ಹೊಡೆದ, ಅಂಗುಲಕ್ಕೊಂದು ಕಚ್ಚು ಹಾಕಿದ ಕೋಲಿನಿಂದ ಗೀರಿ, ಕಬ್ಬಿಣದ ಅಂಚಿನ ಮೇಲಿಟ್ಟು, ಉದ್ದನೆಯ ಕತ್ತಿಯಿಂದ ನಾಲ್ಕೂ ಬದಿ ಕತ್ತರಿಸುತ್ತಾರೆ. ಅಳತೆಗಳಿಗೆ ಕುಲೀನ ಮನೆತನದ ಹೆಂಗಸರ ಬಿರುದುಗಳು: 24 ಅಂಗುಲ ಉದ್ದ 12 ಅಂಗುಲ ಅಗಲವಾದರೆ ಡಚೆಸ್, 20ಕ್ಕೆ 10 ಆದರೆ ಕೌಂಟೆಸ್, 16ಕ್ಕೆ 8 ಆದರೆ ಲೇಡಿ. ದೊಡ್ಡದಕ್ಕೆ ಹೆಚ್ಚು ಬೆಲೆ. ಆದರೆ ಡಚೆಸ್‌ಗೆ ಆಸೆಪಟ್ಟು ಮೂಲೆ ಮುರಿದರೆ ಕೌಂಟೆಸ್ಸೂ ಹೋಗಿ ಲೇಡಿಗೆ ಇಳಿಯಬೇಕಾಗುತ್ತದೆ. ಒಂದೊಂದು ಹಾಳೆಗೂ ಅರೆಕ್ಷಣದಲ್ಲಿ ಈ ತೀರ್ಮಾನ ಮಾಡಬೇಕು. ವ್ಯಾಪಾರದ ಲೆಕ್ಕದಲ್ಲಿ ‘ಸಾವಿರ’ ಎಂದರೆ 1200 ಸ್ಲೇಟು. ದಾರಿಯಲ್ಲಿ ಒಡೆಯುವುದಕ್ಕೆಂದು ಮತ್ತೆ 60 ಸೇರಿಸಿ ಕೊಡಬೇಕಿತ್ತು. 1850ರ ದಶಕದಲ್ಲಿ ಗರಗಸದ ಮೇಜು, ಅಂಚು ಕತ್ತರಿಸುವ ಯಂತ್ರ ಬಂದವು. ಸೀಳುವ ಕೆಲಸ ಮಾತ್ರ ಕೈಯಲ್ಲೇ ಉಳಿಯಿತು.

ಕಲಿಯುವ ಹುಡುಗರಿಗೆ ಶಾಲೆ ಎಂಬುದಿರಲಿಲ್ಲ. ‘ರುಬೆಲುರ್’ ಎಂದು ಕರೆಸಿಕೊಳ್ಳುತ್ತಿದ್ದ ಅವರು ತಂಡದಿಂದ ತಂಡಕ್ಕೆ ಅಲೆದು, ಹೊರೆ ಎಳೆದು, ಕಸ ಬಳಿದು, ಅದಕ್ಕೆ ಪ್ರತಿಯಾಗಿ ಒಂದು ಹಲಗೆ ಕೇಳಿ ಪಡೆಯುತ್ತಿದ್ದರು. ಅದನ್ನು ಮೂಲೆಯಲ್ಲಿ ಕೂತು ತಾವೇ ಸೀಳಿ ಮಾರಿಕೊಳ್ಳುತ್ತಿದ್ದರು. ಕೆಟ್ಟರೆ ನಷ್ಟ ತಮ್ಮದೇ. ಕಸುಬು ಇಷ್ಟು ಬೇಗ ಕೈಗೆ ಹತ್ತುವ ದಾರಿ ಇನ್ನೊಂದಿರಲಾರದು.

ಕ್ವಾರಿಯ ವರ್ಷ ಆಕಾಶವನ್ನು ನೋಡಿಕೊಂಡು ನಡೆಯುತ್ತಿತ್ತು. ಹೊಸ ವರ್ಷದ ಬೆಳಿಗ್ಗೆ ಮಕ್ಕಳು ಮನೆಮನೆ ಸುತ್ತಿ ಹಾಡಿ ‘ಕಲೆನಿಗ್’ ಕಾಣಿಕೆ ಪಡೆಯುತ್ತಿದ್ದರು. ಅಪ್ಪಂದಿರಿಗೆ ಅದು ವರ್ಷದ ಕಷ್ಟದ ಕಾಲ. ಹಗಲು ಚಿಕ್ಕದು, ಹಿಮ ಮಳೆಗೆ ಬಂಡೆ ಜಾರುತ್ತದೆ, ಸಂಬಳ ಇಳಿಯುತ್ತದೆ. ಆಂಗಲ್ಸಿ ದ್ವೀಪದಿಂದ ದಿನೋರ್ವಿಗ್‌ಗೆ ಬರುವವರು ಸೋಮವಾರ ನಸುಕಿಗೆ ಮುಂಚೆಯೇ ಹೊರಟು, ಹೆಂಡತಿ ಕಟ್ಟಿಕೊಟ್ಟ ವಾರದ ಬುತ್ತಿಯೊಂದಿಗೆ ಬೆಟ್ಟದ ಮೇಲಿನ ಬ್ಯಾರಕ್ಕುಗಳಲ್ಲಿ ತಂಗಿ, ಶನಿವಾರ ಮನೆಗೆ ಮರಳುತ್ತಿದ್ದರು. ಈಸ್ಟರ್ ಕಳೆದು ಕ್ರಿಸ್ತನ ಸ್ವರ್ಗಾರೋಹಣದ ಗುರುವಾರ ಬಂದರೆ ಪೆನ್ರಿನ್‌ನ ಜನ ಕೆಲಸಕ್ಕೆ ಇಳಿಯಲು ಒಪ್ಪುತ್ತಿರಲಿಲ್ಲ. ಆ ದಿನ ಬಂಡೆಗೆ ಕೈಹಾಕಿದರೆ ಸಾವು ಖಚಿತ ಎಂಬ ನಂಬಿಕೆ. ತಲೆಯ ಮೇಲೆ ನೂರಾರು ಅಡಿ ಕಲ್ಲು ತೂಗುವ ಕಡೆ ದುಡಿಯುವವರ ಇಂಥ ನಂಬಿಕೆಯನ್ನು ನಾನು ಗೌರವದಿಂದಲೇ ನೋಡುತ್ತೇನೆ.

ಬೇಸಿಗೆ ಬಂತೆಂದರೆ ಹುಲ್ಲು ಕೊಯ್ಲು. ಎಷ್ಟೋ ಕುಟುಂಬಗಳಿಗೆ ಬೆಟ್ಟದ ಬುಡದಲ್ಲಿ ಒಂದೆರಡು ಹಸು ಸಾಕುವಷ್ಟು ತುಂಡು ಹೊಲವಿತ್ತು. ಹಾಲು ಬೆಣ್ಣೆ ಹೆಂಗಸರ ಉಸ್ತುವಾರಿ. ಬಿಸಿಲು ಕಂಡ ದಿನ ಗಂಡಸರು ಉಳಿ ಬಿಟ್ಟು ಕುಡುಗೋಲು ಹಿಡಿಯುತ್ತಿದ್ದರು, ಆಡಳಿತದವರು ಸಿಟ್ಟಾಗುತ್ತಿದ್ದರು. ಅಕ್ಟೋಬರಿನ ಮೂರನೆಯ ಸೋಮವಾರ ಪ್ರಾರ್ಥನಾಮಂದಿರಗಳಲ್ಲಿ ಸುಗ್ಗಿಯ ಕೃತಜ್ಞತಾ ಸಭೆ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ಸಿನ ನಸುಕಿಗೆ ಮೋಂಬತ್ತಿ ಬೆಳಕಿನ ‘ಪ್ಲುಗೈನ್’ ಗೀತೆಗಳು.

ಎಲ್ಲ ಋತುಗಳಲ್ಲೂ ಬದಲಾಗದೆ ಇದ್ದದ್ದು ಮಧ್ಯಾಹ್ನದ ‘ಕಬಾನ್’. ಊಟದ ಗುಡಿಸಲದು. ಬ್ರೆಡ್ಡು ಬೆಣ್ಣೆ ಚಹಾ ಮುಗಿಯುತ್ತಲೇ ಆಯ್ಕೆಯಾದ ಅಧ್ಯಕ್ಷರೊಬ್ಬರು ಸಭೆ ನಡೆಸುತ್ತಿದ್ದರು. ಭಾನುವಾರದ ಪ್ರವಚನದ ವಿಮರ್ಶೆ, ಆಶುಕವಿತೆ, ಹಾಡು, ಚುನಾವಣೆಯ ಚರ್ಚೆ, ಎಲ್ಲವೂ ವೆಲ್ಷ್ ಭಾಷೆಯಲ್ಲಿ. ವೇಲ್ಸ್‌ನ ಭಾನುವಾರದ ಶಾಲೆಗಳಿಗೆ ಮಕ್ಕಳಷ್ಟೇ ಅಲ್ಲದೆ ದೊಡ್ಡವರೂ ಹೋಗುತ್ತಿದ್ದುದರಿಂದ ಓದು ಬರಹ ಅವರಿಗೆ ಹೊಸದಲ್ಲ. 1884ರಲ್ಲಿ ಬ್ಯಾಂಗೋರ್‌ನಲ್ಲಿ ವಿಶ್ವವಿದ್ಯಾಲಯ ಕಾಲೇಜು ತೆರೆದಾಗ ಈ ಕ್ವಾರಿಗಳ ಜನ ತಮ್ಮ ಸಂಬಳದಿಂದ ಚಂದಾ ಎತ್ತಿಕೊಟ್ಟಿದ್ದರು.

ಅವರ ಸ್ಲೇಟು ಎಲ್ಲೆಲ್ಲಿಗೋ ಹೋಯಿತು. 1836ರಲ್ಲಿ ಶುರುವಾದ ಫೆಸ್ಟಿನಿಯೋಗ್ ರೈಲುದಾರಿಯಲ್ಲಿ ತುಂಬಿದ ಬಂಡಿಗಳು ಇಳಿಜಾರಿನಲ್ಲಿ ತಮ್ಮ ಭಾರಕ್ಕೇ ಉರುಳಿ ಪೋರ್ತ್‌ಮಾಡೊಗ್ ಬಂದರು ಸೇರುತ್ತಿದ್ದವು. ಬಂಡಿ ಹಿಂದಕ್ಕೆ ಎಳೆಯಬೇಕಾದ ಕುದುರೆಗಳೂ ಅದೇ ರೈಲಿನಲ್ಲಿ ನಿಂತು ಕೆಳಗಿಳಿಯುತ್ತಿದ್ದವು. 1842ರ ಬೆಂಕಿಯಲ್ಲಿ ಸುಟ್ಟ ಹ್ಯಾಂಬರ್ಗ್ ನಗರ ಮತ್ತೆ ಎದ್ದಾಗ ಅದರ ಮಾಡುಗಳಿಗೆ ವೇಲ್ಸ್‌ನ ಸ್ಲೇಟು ಬೇಕಾಯಿತು. 1898ರಲ್ಲಿ ಉದ್ಯಮ ತುದಿ ಮುಟ್ಟಿತು: ಸುಮಾರು 17,000 ಜನ, ಐದು ಲಕ್ಷ ಟನ್ನಿಗೆ ಹತ್ತಿರದ ಉತ್ಪನ್ನ. ಒಂದು ಟನ್ ಸ್ಲೇಟಿಗೆ ಹತ್ತು ಟನ್ನಿನಷ್ಟು ಕಲ್ಲು ಕಸವಾಗಿ ಬೆಟ್ಟದ ಪಕ್ಕಕ್ಕೆ ಬೀಳುತ್ತಿತ್ತು.

ಆ ಕಲ್ಲು ದೂಳಾಗಿ ಕೆಲಸಗಾರರ ಎದೆಯೊಳಗೂ ಬಿತ್ತು. ಸ್ಲೇಟಿನ ದೂಳು ನಿರಪಾಯಕಾರಿ, ಅತಿಯಾಗಿ ಕುದಿಸಿದ ಚಹಾ ಕುಡಿಯುವುದರಿಂದ ಆರೋಗ್ಯ ಕೆಡುತ್ತದೆ ಎಂದು ಹೇಳಿದ ಕ್ವಾರಿ ವೈದ್ಯರಿದ್ದರು. ಶ್ವಾಸಕೋಶ ಕಳೆದುಕೊಂಡವರಿಗೆ ಪರಿಹಾರದ ಕಾನೂನು ಬಂದದ್ದು 1979ರಲ್ಲಿ. ವಿಕ್ಟೋರಿಯಾ ಕಾಲದ ಕೆಲಸಗಾರರಿಗೆ ಅದು ತೀರ ತಡವಾಗಿತ್ತು. 1874ರಲ್ಲಿ ಅವರು ಕಟ್ಟಿಕೊಂಡ ಕಾರ್ಮಿಕ ಸಂಘವನ್ನು ಒಡೆಯರು ಮನಸಾರೆ ಒಪ್ಪಲಿಲ್ಲ. ಪೆನ್ರಿನ್‌ನಲ್ಲಿ 1900ರ ನವೆಂಬರಿನಲ್ಲಿ ಶುರುವಾದ ಜಗಳ ಮೂರು ವರ್ಷ ನಡೆಯಿತು. ಬಂಡೆಯ ಪಾಲಿಗೆ ತಾವೇ ಬೆಲೆ ಮಾತಾಡುವ ಹಕ್ಕೂ ಆ ಜಗಳದ ಒಳಗಿತ್ತು. ಕೆಲಸಗಾರರು ಸೋತರು, ಬೆಥೆಸ್ಡಾದ ಎಷ್ಟೋ ಮನೆಗಳು ದಕ್ಷಿಣದ ಕಲ್ಲಿದ್ದಲು ಗಣಿಗಳತ್ತ ಗುಳೆ ಹೋದವು.

ದಿನೋರ್ವಿಗ್ 1969ರಲ್ಲಿ ಮುಚ್ಚಿತು. ಅದರ ಕಾರ್ಯಾಗಾರ ಈಗ ರಾಷ್ಟ್ರೀಯ ಸ್ಲೇಟು ವಸ್ತುಸಂಗ್ರಹಾಲಯ. 2021ರಲ್ಲಿ ಯುನೆಸ್ಕೊ ಈ ಸ್ಲೇಟು ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪೆನ್ರಿನ್ ಮಾತ್ರ ಮುಚ್ಚಲಿಲ್ಲ. ಅಲ್ಲಿ ಬಂಡೆಯನ್ನು ಈಗ ಯಂತ್ರಗಳು ಕತ್ತರಿಸಿ ಇಳಿಸುತ್ತವೆ. ಸೀಳುವವನು ಮಾತ್ರ ಇವತ್ತಿಗೂ ಅಗಲ ಬಾಯಿಯ ಉಳಿಯನ್ನು ನಡು ಅಂಚಿಗಿಟ್ಟು ಹಲಗೆಯನ್ನು ಎರಡು ಮಾಡುತ್ತಾನೆ, ಎರಡನ್ನು ನಾಲ್ಕು.